ಒಂದೇ ಸಲ ಕೇಳುವ ಊರಿಗೆ

ಈ ದೇಶದಲ್ಲಿ ಒಗ್ಗರಣೆ ಹಾಕುವುದೆಂದರೆ ಡಂಗುರ ಸಾರಿದಂತೆ. ಇವತ್ತು ರಜೆ ಇತ್ತೆಂದು ಮಂಡಕ್ಕಿ ನೆನೆಸಿ, ಕಾದ ಎಣ್ಣೆಗೆ ಹಸಿಮೆಣಸಿನಕಾಯಿ ಬಿಟ್ಟೆನೋ ಇಲ್ಲವೋ, ಚಾವಣಿಯ ಹೊಗೆಗಂಟೆ ಅರಚತೊಡಗಿತು. ಟವೆಲ್ ಬೀಸಿ ಅದನ್ನು ಸುಮ್ಮನಾಗಿಸುವಷ್ಟರಲ್ಲಿ ಆ ಘಾಟು ನನ್ನನ್ನು ಐರ್ಲೆಂಡಿನ ಈ ಪುಟ್ಟ ಅಡುಗೆಮನೆಯಿಂದ ಎತ್ತಿ, ಗಂಗಾವತಿಯ ಗೌರಕ್ಕನ ಮಾಳಿಗೆಯಲ್ಲಿ ಕೂರಿಸಿಬಿಟ್ಟಿತ್ತು.

ಗೌರಕ್ಕ ಇದೇ ದೇಶದಲ್ಲಿ ವರ್ಷಗಟ್ಟಲೆ ನರ್ಸಾಗಿ ದುಡಿದು ಊರಿಗೆ ಮರಳಿದವರು. ಹೊರದೇಶಕ್ಕೆ ಹೊರಟ ನಮ್ಮಂಥವರಿಗೆ ಭಾನುವಾರ ಪಾಠ ಹೇಳುತ್ತಿದ್ದರು. ನಾನು ಕುಷ್ಟಗಿಯವಳು, ಆಗ ಕೊಪ್ಪಳದ ಒಂದು ಆಸ್ಪತ್ರೆಯ ತುರ್ತು ವಾರ್ಡಿನಲ್ಲಿದ್ದೆ. ಕೆಲಸದಲ್ಲಿ ಗಟ್ಟಿಗಿತ್ತಿ ಎಂದು ನಾನೇ ಹೇಳಿಕೊಳ್ಳಬಾರದು. ಆದರೆ ಹೇಳಿಕೊಳ್ಳುವುದನ್ನು ಕಲಿಸಿದವರೇ ಗೌರಕ್ಕ, ಹಾಗಾಗಿ ಹೇಳುತ್ತೇನೆ, ಗಟ್ಟಿಗಿತ್ತಿಯೇ ಇದ್ದೆ.

ಆದರೂ ಇಲ್ಲಿಯ ಆಸ್ಪತ್ರೆಯೊಂದು ಕಂಪ್ಯೂಟರಿನಲ್ಲಿ ನಡೆಸಿದ ಮೊದಲ ಸಂದರ್ಶನದಲ್ಲಿ ನಪಾಸಾದೆ. ರೋಗಿ ಜಾರಿ ಬಿದ್ದರೆ ಏನು ಮಾಡುತ್ತೀರಿ ಎಂಬುದು ಪ್ರಶ್ನೆಯಂತೆ. ಆ ಹೊತ್ತಿಗೆ ದನಿ ಕಡಿದು ನನಗೆ ಅರ್ಧವೇ ಕೇಳಿಸಿತು. ಪ್ರಶ್ನೆ ಕೇಳುತ್ತಿದ್ದ ಹೆಂಗಸು ಪಾಪ, "ಇನ್ನೊಮ್ಮೆ ಕೇಳಲೇ?" ಎಂದರು. ದೊಡ್ಡವರಿಗೆ ಯಾಕೆ ತೊಂದರೆ ಎಂದು ನಾನು ಬೇಡ ಬೇಡ ಅಂದು, ಜ್ವರ ಇಳಿಸುವ ಬಗ್ಗೆ ಭರ್ಜರಿ ಭಾಷಣ ಮಾಡಿದೆ. ಇನ್ನೊಂದೇ ಅವಕಾಶ ಇದೆ ಎಂದು ಕೆಲಸ ಕೊಡಿಸುವ ಏಜೆಂಟರು ಹೇಳಿದರು. ಅದೂ ಹೋದರೆ, ನನ್ನ ಗೆಳತಿಯ ಹಾಗೆ ನರ್ಸಿಂಗ್ ಓದಿಯೂ ವೃದ್ಧಾಶ್ರಮದಲ್ಲಿ ಆಯಾ ಕೆಲಸಕ್ಕೆ ಹೋಗಬೇಕು. ಆ ಕೆಲಸ ಕೀಳೆಂದು ಅಲ್ಲ. ಕಲಿತ ವಿದ್ಯೆ ಕೈಯಲ್ಲಿದ್ದೂ ಮುಟ್ಟುವಂತಿಲ್ಲ ಎಂದು ಅವಳು ಫೋನಿನಲ್ಲಿ ಅತ್ತದ್ದು ನನಗೆ ಮರೆತಿರಲಿಲ್ಲ.

ಹೀಗೆ ಹೆದರಿಕೊಂಡು ಮೊದಲ ಭಾನುವಾರ ಬಸ್ಸು ಹತ್ತಿ ಹೋದೆ. ಗೌರಕ್ಕ ಬಿಸಿಬಿಸಿ ಮಂಡಕ್ಕಿ ಒಗ್ಗರಣೆ, ಮೇಲೆರಡು ಮಿರ್ಚಿ ಬಜ್ಜಿ ಇಟ್ಟ ತಾಟನ್ನು ಮುಂದಿಟ್ಟು "ತಗೋ" ಅಂದರು. ಹೊಟ್ಟೆ ಚುರುಗುಟ್ಟುತ್ತಿತ್ತು.

"ಬ್ಯಾಡ್ರಿ, ತಿಂದ ಬಂದೀನ್ರಿ."

"ಹೌದೇನು," ಎಂದವರೇ ತಾಟು ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

ನೀವೇ ಹೇಳಿ, ನಮ್ಮ ಕಡೆ ಹೀಗೆ ಯಾರಾದರೂ ಮಾಡುತ್ತಾರೆಯೇ? ಮೊದಲ ಸಲಕ್ಕೇ ಹೂಂ ಅಂದವರು ಹೊಟ್ಟೆಬಾಕರು, ಒಂದೇ ಸಲ ಕೇಳಿ ಬಿಟ್ಟವರು ಜಿಪುಣರು. ಎರಡು ಸಲ ಒಲ್ಲೆ ಅನ್ನಬೇಕು, ಮೂರನೆಯ ಸಲ ಒತ್ತಾಯಕ್ಕೆ ಮಣಿದಂತೆ ಕೈ ಚಾಚಬೇಕು. ನಮ್ಮವ್ವನಂತೂ ಬೀಗರ ಮನೆಯಲ್ಲಿ ಒಲ್ಲೆ ಒಲ್ಲೆ ಅನ್ನುತ್ತಲೇ ಐದು ಹೋಳಿಗೆ ಉಂಡು ಬಂದವಳು. ನಾನು ಬಾಗಿಲು ನೋಡುತ್ತ ಕುಳಿತೆ. ತಾಟು ಬರಲೇ ಇಲ್ಲ.

"ಅಲ್ಲಿ ಒಂದ ಸಲ ಕೇಳ್ತಾರವ್ವ," ಅಂದರು ಗೌರಕ್ಕ, ಹೊರಗೆ ಬಂದು ಕುರ್ಚಿ ಎಳೆದುಕೊಂಡು. "ಬ್ಯಾಡ ಅಂದ್ರ ಬ್ಯಾಡ ಅಂತನ ತಿಳ್ಕೋತಾರ. ನಿನ್ನ ಮರ್ಯಾದಿ ಅವರಿಗೆ ತಿಳಿಯೂದಿಲ್ಲ. ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ನು. ಬೇಕು ಅಂದ್ರ ಬೇಕು ಅನ್ನು."

ಪಾಠ ಮುಗಿಯುವವರೆಗೂ ಉಪವಾಸ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮುಂದಿನ ವಾರ "ತಗೋ" ಎನ್ನುವ ಮೊದಲೇ ತಾಟು ನನ್ನ ತೊಡೆಯ ಮೇಲಿತ್ತು. ಅವರು ನಕ್ಕು, ಸಂದರ್ಶನದವರಂತೆ ಕನ್ನಡಕ ಏರಿಸಿ, ನಿನ್ನ ಕೆಲಸದ ಬಗ್ಗೆ ಹೇಳು ಅಂದರು.

"ಏನೋ ದೇವರ ದಯದಿಂದ ನಡದೈತ್ರಿ."

"ದೇವರಿಗೆ ಕೆಲಸ ಬೇಕಾಗಿಲ್ಲವ್ವ, ನಿನಗ ಬೇಕಾಗೈತಿ. ನೀ ಏನ ಮಾಡಿದಿ, ಅದನ್ನ ಹೇಳು."

ನಾನು ಮಾಡಿದೆ, ನಾನು ಉಳಿಸಿದೆ, ನನಗೆ ಬರುತ್ತದೆ ಎನ್ನಲು ನಾಲಿಗೆ ಹೊರಳಬೇಕಲ್ಲ! ಎಷ್ಟೋ ಭಾನುವಾರ ಬೇಕಾದವು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಎರಡನೆಯ ಸಂದರ್ಶನ ಬಂತು. ಮಾತು ಮತ್ತೆ ಅರ್ಥವಾಗಲಿಲ್ಲ. ಈ ಸಲ "ನನಗೆ ತಿಳಿಯಲಿಲ್ಲ, ನಿಧಾನವಾಗಿ ಇನ್ನೊಮ್ಮೆ ಕೇಳಿ," ಅಂದೆ. ಅವರು ಕೇಳಿದರು, ನಾನು ಹೇಳಿದೆ. ಕೊನೆಗೆ, ನಮ್ಮಿಂದ ನಿಮಗೇನಾದರೂ ಬೇಕೇ ಎಂದರು. ಹಳೆಯ ನಾನಾಗಿದ್ದರೆ ಏನೂ ಬೇಡ ಎಂದು ಕೈ ಮುಗಿಯುತ್ತಿದ್ದೆ. ಮೊದಲ ವಾರ ವಾರ್ಡಿನಲ್ಲಿ ಯಾರಾದರೂ ಜೊತೆಗಿರಬೇಕು ಎಂದು ಕೇಳಿದೆ. ಕೇಳಿದ ಮರುಕ್ಷಣ, ಕೆಲಸ ಹೋಯಿತು ಅಂದುಕೊಂಡೆ. ಹೋಗಲಿಲ್ಲ. ಇಲ್ಲಿಗೆ ನಾನು ನರ್ಸಾಗಿಯೇ ಬಂದೆ, ನರ್ಸಾಗಿಯೇ ಇದ್ದೇನೆ. ದಿನಾ ಬೆಳಿಗ್ಗೆ ಸಮವಸ್ತ್ರ ತೊಡುವಾಗ ಗೌರಕ್ಕನನ್ನು ನೆನೆಯದೆ ಇರಲಾರೆ. ಅವರ ಋಣ ದೊಡ್ಡದು.

ನೆನಪು ಇಷ್ಟು ದೂರ ಬಂದಮೇಲೆ ತಡೆಯಲಾಗದೆ ಈಗಲೇ ಫೋನು ಹಚ್ಚಿದೆ. ಗೌರಕ್ಕನಿಗೆ ಮೊಣಕಾಲಿನ ಆಪರೇಶನ್ ಇದೆಯಂತೆ. ದನಿಯಲ್ಲಿ ಎಂದೂ ಇಲ್ಲದ ಅಳುಕಿತ್ತು.

"ರಜಾ ಹಾಕಿ ಬರ್ಲೇನ್ರಿ?"

"ಬ್ಯಾಡವ್ವ. ತಂಗಿ ಮಗಳು ಅದಾಳ."

ಅವರ ಪಾಠದ ಪ್ರಕಾರ ನಾನು ಅಲ್ಲಿಗೇ ಬಿಡಬೇಕು. ಆದರೆ ಫೋನಿನ ಆ ತುದಿ ಗಂಗಾವತಿಯಲ್ಲಿತ್ತು.

"ಬರ್ತೀನ್ರಿ, ನಾಲ್ಕ ದಿನಾ ಇರ್ತೀನಿ."

"ಸುಮ್ನ ರಜಾ ಯಾಕ ಹಾಳ ಮಾಡ್ಕೋತಿ. ಬ್ಯಾಡ."

"ಗೌರಕ್ಕ, ನಾ ಬರ್ತೀನ್ರಿ."

ಆ ಕಡೆಯಿಂದ ಮೂಗು ಏರಿಸಿಕೊಂಡ ಸಪ್ಪಳ ಕೇಳಿಸಿತು.

"ಸೋಮವಾರ ಐತಿ," ಅಂದರು. "ಭಾನುವಾರನ ಬಂದ್ಬಿಡು."