ಹುಸೇನಸಾಬ ಕಾಕಾ ಕೈ ಎತ್ತಿದ ಜಾಗ

ಇಂಥ ಸಂಗತಿ ಹೇಳುವವರನ್ನು ನಾನು ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರಾದರೂ ತಮ್ಮ ಕನಸು ನಿಜವಾಯಿತೆಂದು ಶುರುಮಾಡಿದರೆ, ಎಷ್ಟು ಗಂಟೆಗೆ, ಬೇರೆ ಯಾರಿದ್ದರು, ನಿಜವಾಗದ ಕನಸುಗಳೆಷ್ಟು ಎಂದೆಲ್ಲ ಕೇಳಿ ಅವರ ಉತ್ಸಾಹ ಇಳಿಸಿಬಿಡುತ್ತಿದ್ದೆ. ಫಿಜಿಕ್ಸ್ ಕಲಿಸುವವಳಿಗೆ ಅದೂ ಕೆಲಸದ ಭಾಗವೇ ಎಂದುಕೊಂಡಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ಅವೇ ಪ್ರಶ್ನೆಗಳನ್ನು ಕೇಳಬಹುದು. ಐದು ವರ್ಷದಿಂದ ನಾನೂ ಕೇಳಿಕೊಳ್ಳುತ್ತಿದ್ದೇನೆ.

ಆಗ ನಾನು ಅಣ್ಣಿಗೇರಿಯಲ್ಲಿ ಪಾಠ ಮಾಡುತ್ತಲೇ ಪಿಎಚ್.ಡಿ. ಮುಗಿಸಲು ಒದ್ದಾಡುತ್ತಿದ್ದೆ. ವಿಷಯ, ಒಂದು ಪಲ್ಸಾರ್ ಮತ್ತು ಅದರ ಸುತ್ತಲಿನ ಅನಿಲದ ಮೋಡ, ಅಂದರೆ ನೆಬ್ಯುಲಾ. ಪಲ್ಸಾರ್ ಎಂದರೆ ಸ್ಫೋಟಿಸಿ ಸತ್ತ ದೊಡ್ಡ ನಕ್ಷತ್ರದ ಉಳಿದ ತಿರುಳು. ಗಾತ್ರ ಒಂದು ಪಟ್ಟಣದಷ್ಟು, ತೂಕ ಸೂರ್ಯನಿಗಿಂತ ಹೆಚ್ಚು, ತಿರುಗುವುದು ಸೆಕೆಂಡಿಗೆ ಹಲವು ಸುತ್ತು. ಪ್ರತಿ ಸುತ್ತಿಗೂ ಅದರ ಎಕ್ಸ್-ರೇ ಒಮ್ಮೆ ನಮ್ಮ ಕಡೆ ಹಾಯ್ದುಹೋಗುತ್ತದೆ. ಸುತ್ತಲಿನ ಮೋಡವೂ ಎಕ್ಸ್-ರೇಯಲ್ಲಿ ಹೊಳೆಯುತ್ತದೆ. ಆ ಹೊಳಪಿನೊಳಗಿಂದ ಈ ಮಿಡಿತವನ್ನು ಹೆಕ್ಕಿ ತೆಗೆಯುವುದು ನನ್ನ ಕೆಲಸ. ಎಕ್ಸ್-ರೇ ಆಕಾಶದಿಂದ ನೆಲದವರೆಗೆ ಬರುವುದಿಲ್ಲ, ಉಪಗ್ರಹವೇ ಹಿಡಿಯಬೇಕು. ಅದು ಕಳಿಸಿದ ಕಡತಗಳನ್ನು ನಾನು ಹಾಡಹಗಲೇ ನಮ್ಮ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದೆ.

ಒಂದನ್ನು ಬಿಟ್ಟು ಎಲ್ಲ ವೀಕ್ಷಣೆಗಳೂ ಸರಿ ಬಂದವು. ಆ ಒಂದು ಎಲ್ಲಕ್ಕಿಂತ ಕೊನೆಯದು, ಸುಮಾರು ಅರ್ಧ ದಿನದ್ದು. ಸುತ್ತುಗಳನ್ನು ಲೆಕ್ಕದ ಪ್ರಕಾರ ಒಂದರ ಮೇಲೊಂದು ಕೂಡಿಸಿದರೆ ಗ್ರಾಫಿನಲ್ಲಿ ಚೂಪಾದ ಶಿಖರ ಕಾಣಬೇಕಿತ್ತು. ಕಾಣುತ್ತಿದ್ದದ್ದು ಕಲಸಿಹೋದ ದಿಬ್ಬ. ಎರಡು ತಿಂಗಳು ಅದರ ಬೆನ್ನು ಹತ್ತಿದೆ. ಊಟಕ್ಕೆ ಕೂತರೂ ಅದೇ, ಕ್ಲಾಸಿನಲ್ಲಿ ನಿಂತರೂ ಅದೇ. ಮಾರ್ಗದರ್ಶಕರು ಧಾರವಾಡದಿಂದ ಫೋನ್ ಮಾಡಿ ರೇಗಿದರು: "ಉಪಗ್ರಹದ ಗಡಿಯಾರನ ಕೆಟ್ಟಿರಬೇಕ್ರಿ. ಅದೊಂದು ಬಿಟ್ಟು ಬರದು ಮುಗಸ್ರಿ. ಇನ್ನ ಎಷ್ಟ ದಿನಾ ಎಳೀತೀರಿ?"

ಪ್ರಬಂಧ ಒಪ್ಪಿಸಲು ಒಂದೇ ತಿಂಗಳು ಉಳಿದಿತ್ತು. ತಪ್ಪಿದರೆ ಆರು ವರ್ಷದ ಕೆಲಸ ನೀರಿಗೆ ಬಿದ್ದಂತೆ. ಆ ವೀಕ್ಷಣೆಯನ್ನು ಕೈಬಿಟ್ಟಿದ್ದೇನೆ ಎಂದು ಬರೆದೂಬಿಟ್ಟೆ. ಬರೆದ ಮೇಲೂ ಮನಸ್ಸು ಒಂದೆಡೆ ನಿಲ್ಲಲಿಲ್ಲ.

ಅದೇ ವಾರ ನಾದಿನಿ ಬಾಣಂತನಕ್ಕೆ ಬರುವವಳಿದ್ದಳು. ಹಳೆಯ ಗಾದಿಗಳ ಅರಳೆ ಹಿಂಜಿಸಲು ಅತ್ತೆ ಹುಸೇನಸಾಬ ಕಾಕಾರನ್ನು ಕರೆಸಿದ್ದರು. ಈಗ ಅರಳೆ ಹಿಂಜುವುದಕ್ಕೆ ಮಷಿನ್ ಬಂದಿದೆ; ನಮ್ಮ ಕಡೆ ಬಿಲ್ಲು ಹಿಡಿದು ಕೈಯಿಂದ ಹಿಂಜುವವರು ಅವರೊಬ್ಬರೇ ಉಳಿದಿದ್ದರು. ಮುಂಜಾನೆಯಿಂದ ಪಡಸಾಲೆಯಲ್ಲಿ ಬಿಲ್ಲಿನ ಹೆದೆ ಝೇಂಕರಿಸುತ್ತಿತ್ತು, ನನ್ನ ಲ್ಯಾಪ್‌ಟಾಪಿನ ಮೇಲೆಲ್ಲ ಅರಳೆಯ ಧೂಳು.

ಮಧ್ಯಾಹ್ನ ಕಾಕಾ ಚಹಾಕ್ಕೆಂದು ಬಿಲ್ಲು ಕೆಳಗಿಟ್ಟರು. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆಂದು ನಾನು ಪಲ್ಸಾರಿನ ಮಿಡಿತವನ್ನು ಶಬ್ದವಾಗಿಸಿದ್ದೆ, ಸಾವಿರ ಸುತ್ತಿಗೆ ಒಂದು ಟಿಕ್. ಅರ್ಧ ದಿನವನ್ನು ಏಳು ನಿಮಿಷಕ್ಕೆ ಇಳಿಸಿದ ಕಡತ, ಅದೇ ಕೆಟ್ಟ ದಿನದ್ದು. ಮನೆ ಶಾಂತವಾಗಿದೆಯಲ್ಲ ಎಂದು ಹಚ್ಚಿದೆ. ಕಾಕಾ ಬೆರಳಿನಿಂದ ಮೊಳಕಾಲಿನ ಮೇಲೆ ಅದೇ ತಾಳ ತಟ್ಟುತ್ತ ಚಹಾ ಕುಡಿಯುತ್ತಿದ್ದರು. ಐದು ನಿಮಿಷ ಕಳೆದಿರಬೇಕು, ಥಟ್ಟನೆ ಕೈ ಮೇಲೆತ್ತಿದರು.

"ತಡೀರಿ ಅಕ್ಕೋರ. ಇಲ್ಲಿ ಮುಗ್ಗರಿಸ್ತು."

"ಏನ್ ಮುಗ್ಗರಿಸ್ತ್ರಿ ಕಾಕಾ?"

"ಅದ, ಬಡ್ಯಾಕತ್ತೈತಲ್ಲ, ಅದು. ಮುಗ್ಗರಿಸಿ ಮತ್ತ ಹೊಂಟತಿ. ಆದ್ರ ಮೊದಲಿನಂಗಿಲ್ಲ. ಜರಾ ಅವಸರ ಮಾಡಾಕತ್ತೈತಿ."

ಒಳಗಿಂದ ಬಂದ ಅತ್ತೆ ನಕ್ಕರು. "ನಿನಗೇನ್ ತಿಳಿತೈತೋ ಹುಸೇನಾ, ಅದು ಆಕಾಶದಾಗಿನ ಚುಕ್ಕಿ ಸಪ್ಪಳಂತ."

"ಚುಕ್ಕಿ ಆದ್ರೇನ್ರಿ ಅವ್ವಾರ, ತಾಳ ತಪ್ಪಿದ್ದು ತಪ್ಪಿದ್ದ."

ನನಗೆ ಎಲ್ಲ ಟಿಕ್‌ಗಳೂ ಒಂದೇ ಸಮನೆ ಕೇಳಿಸಿದ್ದವು. ಮತ್ತೆ ಹಚ್ಚಿದೆ. ಕಾಕಾ ನನ್ನ ಕಡೆ ಬೆನ್ನು ಮಾಡಿ ಅರಳೆ ಬಿಡಿಸುತ್ತಿದ್ದರು. ಅದೇ ಜಾಗಕ್ಕೆ ಬಂದಾಗ ಅರಳೆ ಹಿಡಿದ ಕೈಯನ್ನೇ ಎತ್ತಿದರು. ಟಿಕ್ ಎಣಿಸುತ್ತಿರಬಹುದೆಂದು ಮೂರನೆಯ ಸಲ ಹೇಳದೆ ಕೇಳದೆ ನಡುವಿನಿಂದ ಶುರುಮಾಡಿದೆ. ಆಗಲೂ ಅದೇ ಜಾಗ. ನಾನು ಆ ಸಮಯವನ್ನು ಬರೆದುಕೊಂಡೆ.

ಕಾಕಾ ಮನೆಗೆ ಹೋದ ಮೇಲೆ ವೀಕ್ಷಣೆಯನ್ನು ಆ ಕ್ಷಣದಲ್ಲಿ ಎರಡು ತುಂಡು ಮಾಡಿ, ಬೇರೆಬೇರೆಯಾಗಿ ಕೂಡಿಸಿದೆ. ಎರಡರಲ್ಲೂ ಚೂಪಾದ ಶಿಖರ ಬಂತು. ಎರಡನೆಯ ತುಂಡಿನಲ್ಲಿ ಪಲ್ಸಾರ್ ಒಂದಿಷ್ಟು ಜೋರಾಗಿ ಸುತ್ತುತ್ತಿತ್ತು. ಪಲ್ಸಾರುಗಳು ಅಪರೂಪಕ್ಕೆ ಹೀಗೆ ಒಮ್ಮೆಲೇ ವೇಗ ಹೆಚ್ಚಿಸಿಕೊಳ್ಳುತ್ತವೆ. ನನ್ನ ಪಲ್ಸಾರ್ ಉಪಗ್ರಹ ನೋಡುತ್ತಿದ್ದಾಗಲೇ ಆ ಕೆಲಸ ಮಾಡಿತ್ತು. ಗಡಿಯಾರ ಕೆಟ್ಟಿರಲೇ ಇಲ್ಲ. ನಾನು ಎದ್ದು ಅಂಗಳದಲ್ಲಿ ಸುಮ್ಮನೆ ಅತ್ತಿಂದಿತ್ತ ತಿರುಗಾಡಿದೆ. ನಲವತ್ತು ವರ್ಷ ಹೆದೆಯ ದನಿ ಕೇಳಿ ಪಳಗಿದ ಕಿವಿಯಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವೇಗದ ವ್ಯತ್ಯಾಸ ಲಕ್ಷಕ್ಕೆ ಒಂದು ಪಾಲೂ ಇರಲಿಲ್ಲ, ಅದು ಯಾವ ಕಿವಿಗೂ ಸಿಗುವಂಥದ್ದಲ್ಲ. ಆದರೂ ಅವತ್ತು ಆ ಸಮಾಧಾನ ಸಾಕಾಯಿತು.

ಮೂರು ದಿನದ ಮೇಲೆ, ಪ್ರದರ್ಶನದ ಫಲಕದಲ್ಲಿ ಬರೆಯಲೆಂದು ಶಬ್ದ ಮಾಡಿದ ಪ್ರೋಗ್ರಾಮನ್ನು ತೆರೆದೆ. ಅದರಲ್ಲಿ ನನ್ನದೇ ಒಂದು ತಪ್ಪಿತ್ತು. ಉಪಗ್ರಹದ ಕಡತದ ಬದಲು ಲೆಕ್ಕದ ಕಡತದ ಹೆಸರು ಕೊಟ್ಟಿದ್ದೆ. ಅಂದರೆ ಕಾಕಾ ಕೇಳಿದ್ದರಲ್ಲಿ ಪಲ್ಸಾರ್ ಇರಲೇ ಇಲ್ಲ. ಅದು ಹೀಗೇ ಸುತ್ತುತ್ತಿರಬೇಕು ಎಂದು ಕಂಪ್ಯೂಟರ್ ಹಾಕಿದ್ದ ಲೆಕ್ಕ ಅಷ್ಟೇ. ಒಂದೊಂದು ಟಿಕ್ಕನ್ನೂ ಅಳೆದೆ. ಕೊನೆಯ ಅಂಕಿಯವರೆಗೆ ಅಂತರ ಸಮ. ಮುಗ್ಗರಿಸಲು ಅದರಲ್ಲಿ ಏನೂ ಇರಲಿಲ್ಲ.

ಅವತ್ತೇ ಕಾಕಾರ ಮನೆಗೆ ಹೋಗಿ, ಏನು ಕೇಳಿಸಿತು ಹೇಳಿ ಎಂದೆ. ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ನನಗೂ ತಿಳೀವಲ್ದ್ರಿ ಅಕ್ಕೋರ. ಕಿವ್ಯಾಗ ಏನೂ ಬರಲಿಲ್ಲ, ಕೈಯಾಗ ಬಂತು."

ಮುಂದೆ ಉಪಗ್ರಹದ ಅದೇ ವೀಕ್ಷಣೆಯನ್ನು ಬೇರೆ ಬೇರೆ ಕಡೆ ಕತ್ತರಿಸಿ ನೋಡಿದೆ. ಅದೊಂದು ಜಾಗ ಬಿಟ್ಟು ಎಲ್ಲಿ ಕತ್ತರಿಸಿದರೂ ಎರಡು ತುಂಡುಗಳಲ್ಲೂ ಶಿಖರ ಬರಲಿಲ್ಲ. ಉಪಗ್ರಹ ಆಮೇಲೆ ಕಳಿಸಿದ ವೀಕ್ಷಣೆಗಳಲ್ಲೂ ಹೆಚ್ಚಿದ ವೇಗವೇ ಕಂಡಿತು. ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರೊಬ್ಬರು, ಆ ಕ್ಷಣವನ್ನು ಮೊದಲು ಹೇಗೆ ಗುರುತಿಸಿದಿರಿ ಎಂದು ಕೇಳಿದರು. ಹಲವು ಕಡೆ ಕತ್ತರಿಸಿ ನೋಡಿದೆ ಸರ್ ಎಂದೆ. ಅವರು ತಲೆಯಾಡಿಸಿದರು, ಪದವಿ ಬಂತು. ಕತ್ತರಿಸಿದ್ದೆ ನಿಜ, ಆದರೆ ಆಮೇಲೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ. ನಿಜ ಹೇಳಬೇಕೆಂದರೆ ಏನೆಂದು ಹೇಳಲಿ?

ಕಾಕಾ ಈಗ ನವಲಗುಂದದಲ್ಲಿ ಮಗಳ ಹತ್ತಿರ ಇದ್ದಾರೆ. ಹೋದ ವರ್ಷ ಅದೇ ಪಲ್ಸಾರಿನ ಹೊಸ ವೀಕ್ಷಣೆ ಕೈಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಈ ಸಲ ಬೇಕೆಂದೇ ಲೆಕ್ಕದ ಟಿಕ್‌ಗಳನ್ನು ತೆಗೆದುಕೊಂಡು ಬಸ್ಸು ಹತ್ತಿದೆ. ಕಾಕಾ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೈ ಎತ್ತಲಿಲ್ಲ. "ಏನಿಲ್ರಿ, ಸುಮ್ಮನ ನಡದೈತಿ," ಎಂದರು. ಮನೆಗೆ ಬಂದು ಉಪಗ್ರಹದ ಕಡತ ಪರೀಕ್ಷಿಸಿದೆ. ಅದರಲ್ಲೂ ಏನೂ ಇರಲಿಲ್ಲ. ಅವರು ಸರಿಯಾಗಿ ಹೇಳಿದರೋ, ಅವರಿಗೆ ಏನೂ ತಿಳಿಯಲೇ ಇಲ್ಲವೋ? ಎರಡರಲ್ಲಿ ಯಾವುದು ನಿಜವಾಗಿದ್ದರೂ ಅವರು ಕೈ ಎತ್ತುತ್ತಿರಲಿಲ್ಲ, ಆದ್ದರಿಂದ ನನಗೆ ಯಾವುದೂ ತೀರ್ಮಾನವಾಗಿಲ್ಲ.

ನವಲಗುಂದದಿಂದ ಹೊರಡುವಾಗ ಅವರು ಬಾಗಿಲವರೆಗೆ ಬಂದಿದ್ದರು. "ಅಕ್ಕೋರ, ಅವತ್ತ ಮುಗ್ಗರಿಸಿದಾಗ ಅದಕ್ಕ ಭಾಳ ನೋವಾಗಿತ್ತೇನ್ರಿ?" ಎಂದು ಕೇಳಿದರು. ನಕ್ಷತ್ರಕ್ಕೆಲ್ಲಿಯ ನೋವು ಕಾಕಾ ಎನ್ನಲು ಬಾಯಿ ತೆರೆದೆ. ಆದರೆ ಬಸ್ಸಿಗೆ ಹೊತ್ತಾಯಿತೆಂದಷ್ಟೇ ಹೇಳಿ ಹೊರಟುಬಂದೆ.