ಭಾವನ ಬಾಯಿ ಮುಚ್ಚಿಸಿದ ಚಿಪ್

ಮನೆಯವರೆಲ್ಲ ಅವಳನ್ನು ಮೊಂಡಿ ಎನ್ನುತ್ತಿದ್ದರು. ಬ್ಯಾಂಕ್ ಕಾರ್ಡುಗಳ ಚಿಪ್ ವಿನ್ಯಾಸ ಮಾಡುವುದು ಅವಳ ಕೆಲಸ. ಅಂಥ ಚಿಪ್‌ಗಳ ಗುಟ್ಟು ಬಿಡಿಸಲು ಆಗುತ್ತದೆಯೇ ಎಂದು ಹೊರಗಿನ ಪ್ರಯೋಗಾಲಯವೊಂದರಲ್ಲಿ ಪರೀಕ್ಷಿಸುವುದು ಅಕ್ಕನ ಗಂಡನ ಕೆಲಸ. ರಹಸ್ಯ ಸಂಖ್ಯೆ ಇಟ್ಟುಕೊಂಡು ಲೆಕ್ಕ ಮಾಡುವಾಗ ಚಿಪ್ ಎಳೆದುಕೊಳ್ಳುವ ಕರೆಂಟ್ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗುತ್ತದೆ. ಆ ಏರಿಳಿತವನ್ನು ಅಳೆದೇ ಭಾವ ಅವಳ ಮೊದಲ ಚಿಪ್‌ನ ಸಂಖ್ಯೆಯನ್ನು ಹೊರಗೆಳೆದ. ಅದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಅದು ಅವನ ಕಸುಬು. ಆದರೆ ಅವಳ ಕಂಪನಿಯ ಸಭೆಯಲ್ಲಿ, ತುಂಬಿದ ಕೋಣೆಯ ಮುಂದೆ, "ನಮ್ಮ ನಾದಿನಿ ಬಾಯಲ್ಲೂ ಏನೂ ನಿಲ್ಲಲ್ಲ, ಅವಳ ಚಿಪ್‌ನಲ್ಲೂ ನಿಲ್ಲಲ್ಲ" ಎಂದ.

ಎಲ್ಲರೂ ನಕ್ಕರು. ಅವಳೂ ಹಲ್ಲು ಕಚ್ಚಿಕೊಂಡು ನಕ್ಕಳು. ಮರುವಾರ ಅವಳನ್ನು ಆ ತಂಡದಿಂದ ತೆಗೆದು, ಯಾರಿಗೂ ಬೇಡವಾಗಿದ್ದ, ಚಿಪ್‌ಗೆ ಕರೆಂಟ್ ಒದಗಿಸುವ ಪವರ್ ಸಪ್ಲೈ ವಿಭಾಗಕ್ಕೆ ಹಾಕಿದರು.

ಅಲ್ಲೇ ಅವಳಿಗೆ ದಾರಿ ಹೊಳೆಯಿತು. ಕರೆಂಟನ್ನು ನೇರವಾಗಿ ಕೊಟ್ಟರೆ ತಾನೇ ಅವನು ಅಳೆಯುವುದು? ಚಿಪ್‌ನೊಳಗೇ ಕರೆಂಟ್ ತುಂಬಿಟ್ಟುಕೊಳ್ಳುವ ಪುಟ್ಟ ಕೆಪಾಸಿಟರ್‌ಗಳನ್ನು ಇಟ್ಟಳು. ಒಂದು ಹೊರಗಿನಿಂದ ತುಂಬಿಕೊಳ್ಳುವಾಗ ಇನ್ನೊಂದು ಒಳಗಿನ ಲೆಕ್ಕಕ್ಕೆ ಉಣಿಸುತ್ತಿತ್ತು. ಮೊದಲ ಸಲ ಕೆಟ್ಟಿತು: ಖರ್ಚಾದಷ್ಟನ್ನೇ ಮತ್ತೆ ತುಂಬಿಕೊಳ್ಳುತ್ತಿದ್ದರಿಂದ ಗುಟ್ಟು ಹಾಗೇ ಸೋರುತ್ತಿತ್ತು. ಆಮೇಲೆ ಮಿಕ್ಕಿದ್ದನ್ನು ಪ್ರತಿಸಲವೂ ಚೆಲ್ಲಿ, ಒಂದೇ ಮಟ್ಟಕ್ಕೆ ಇಳಿಸಿಯೇ ಮತ್ತೆ ತುಂಬಿಸಿದಳು. ಹೊರಗಿನಿಂದ ನೋಡಿದರೆ ಯಾವಾಗಲೂ ಒಂದೇ ಎಳೆತ. ಕರೆಂಟ್ ದಂಡ ಎಂದು ಮ್ಯಾನೇಜರ್ ಗೊಣಗಿದ. ಆಗಲಿ ಎಂದಳು.

ಪರೀಕ್ಷೆಗೆ ಬೇರೆ ಪ್ರಯೋಗಾಲಯಗಳಿದ್ದವು. ಭಾವನ ಬಳಿಗೇ ಕಳಿಸಬೇಕೆಂದು ಅವಳು ಹಟ ಹಿಡಿದಳು. ಅವನು ವಾರಗಟ್ಟಲೆ ಕೂತ. ಕರೆಂಟ್ ಅಳೆಯುವ ಪ್ರೋಬ್ ಬದಲಿಸಿದ, ಚಿಪ್‌ನ ಹೊದಿಕೆ ಕೆರೆದ, ತಣ್ಣಗೆ ಮಾಡಿ ನೋಡಿದ. ಕೊನೆಗೆ ಸಭೆಯಲ್ಲಿ ಎದ್ದು ನಿಂತು ಏನೋ ತೊದಲಿದ.

"ಕೇಳಿಸ್ಲಿಲ್ಲ ಭಾವ, ಸ್ವಲ್ಪ ಜೋರಾಗಿ ಹೇಳಿ," ಎಂದಳು ಅವಳು ಮುಂದಿನ ಸಾಲಿನಿಂದ.

"ಏನೂ ಸಿಗಲಿಲ್ಲ," ಎಂದ.

ಅವಳಿಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಭಾನುವಾರ ಅಕ್ಕ ಬಂದಳು. ಗಂಡ ಸರಿಯಾಗಿ ಊಟ ಮಾಡುತ್ತಿಲ್ಲ, ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದಾರೆ, ಫೋನ್ ಮಾಡಿ ಒಂದು ಒಳ್ಳೆಯ ಮಾತಾಡು ಎಂದಳು.

"ಅವತ್ತು ನಾನು ಅತ್ಕೊಂಡು ಫೋನ್ ಮಾಡಿದಾಗ ನೀನೇನಂದೆ? ತಮಾಷೆಗೆ ಅಂದಿದ್ದಾರೆ, ಅಷ್ಟೂ ತಡ್ಕೊಳೋಕಾಗಲ್ವಾ ಅಂದೆ. ಈಗ ಅವರಿಗೂ ಅದನ್ನೇ ಹೇಳು ಅಕ್ಕ."

ಅಕ್ಕ ಕಾಫಿ ಮುಟ್ಟದೆ ಎದ್ದುಹೋದಳು. ಬಹಳ ದಿನ ಅಕ್ಕತಂಗಿಯರ ನಡುವೆ ಮಾತುಕತೆ ಇರಲಿಲ್ಲ. ಅದು ಮೊಂಡಿಯನ್ನು ಒಳಗೊಳಗೇ ಕೊರೆಯುತ್ತಿತ್ತು. ಆದರೂ ಮುಂದಿನ ಚಿಪ್ ತಯಾರಾಗಿ, ಪರೀಕ್ಷೆಗೆ ಯಾರ ಬಳಿ ಕಳಿಸೋಣ ಎಂದು ಮ್ಯಾನೇಜರ್ ಕೇಳಿದಾಗ ಅವಳು ಯೋಚಿಸಲೂ ಇಲ್ಲ. ಭಾವನ ಹೆಸರನ್ನೇ ಹೇಳಿದಳು.