ಬಿರಡೆಯ ಕೆಳಗಿನ ಬಿಳಿ ಗೆರೆ

ಹಲ್ಲು ಕೀಳಿಸಿಕೊಳ್ಳಲು ಹೋದವಳು ಇಂಜಿನ್ನಿಗೆ ಬೈದು ಬಂದಳು ಎಂದು ಚಿಂದಿಯಕ್ಕನ ಗಂಡ ಇವತ್ತಿಗೂ ಹೇಳಿಕೊಂಡು ನಗುತ್ತಾನೆ. ಸುಳ್ಳೇನಲ್ಲ. ದಂತವೈದ್ಯನ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಗೇಣುದ್ದದ ಉಗಿ ಇಂಜಿನ್ನೊಂದು ಮಿರಮಿರ ಮಿಂಚುತ್ತ ನಿಂತಿತ್ತು. ಸೂಜಿ ಚುಚ್ಚಿಸಿಕೊಂಡು ಅರ್ಧ ಬಾಯಿ ಮರಗಟ್ಟಿದ್ದ ಚಿಂದಿಯಕ್ಕ ಅದನ್ನು ಕೆಕ್ಕರಿಸಿ ನೋಡಿ, ಉಳಿದರ್ಧ ಬಾಯಲ್ಲೇ ಕೇಳಿದಳು.

“ಏನ್ ಡಾಕ್ಟ್ರೇ, ಇದು ಕಲ್ಲಿದ್ದಲು ತಿನ್ನೋ ಇಂಜಿನ್ನೋ, ಕನ್ನಡಿ ಮುಂದೆ ಕೂತಿರೋ ಮದುಮಗನೋ?”

“ಯಾಕಮ್ಮ, ಚೆನ್ನಾಗಿಲ್ವಾ?”

“ಚೆನ್ನಾಗಿದೆ. ಅದೇ ತಪ್ಪು.”

ಚಿಂದಿಯಕ್ಕ ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ಇಂಜಿನ್ ಒರೆಸಿದವಳು. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯ ಗಂಟು ಸದಾ ಹೆಗಲ ಮೇಲೆ ಇರುತ್ತಿದ್ದುದರಿಂದ ಆ ಹೆಸರು ಅಂಟಿತು; ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೇ ಉಳಿಯಿತು. ಕೊಳೆ ಎಲ್ಲಿ ಕೂರುತ್ತದೆ ಎಂಬುದು ನೋಡಿದವನಿಗಿಂತ ಉಜ್ಜಿದವಳಿಗೆ ಚೆನ್ನಾಗಿ ಗೊತ್ತು. ಆ ದಿನ ಹಲ್ಲು ಕೀಳುವುದನ್ನು ಬಿಟ್ಟು ದಂತವೈದ್ಯ ಅರ್ಧ ಗಂಟೆ ಅವಳ ಮಾತು ಕೇಳಿದ. ಅವನೂ ಅವನ ಗೆಳೆಯರೂ ಸೇರಿ ಅಚ್ಚುಕೂಟದ ಮೇಲಂತಸ್ತಿನ ಹಾಲಿನಲ್ಲಿ ಹಳೆಯ ಶೆಡ್ಡನ್ನು ಪುಟ್ಟದಾಗಿ ಕಟ್ಟುತ್ತಿದ್ದರು. ಹಳಿ, ನೀರಿನ ತೊಟ್ಟಿ, ಬೂದಿ ಗುಂಡಿ ಎಲ್ಲ ಇದ್ದವು. ಉಗಿ ಇಂಜಿನ್ನುಗಳ ಕಾಲ ಮುಗಿಯುವ ಮುಂಚಿನ ಒಂದು ಬೇಸಿಗೆ ಹೇಗಿತ್ತೋ ಹಾಗೆಯೇ ಇರಬೇಕೆಂದು ಅವರ ಹಟ. ಹನ್ನೊಂದು ಇಂಜಿನ್ನುಗಳಿದ್ದವು, ಹನ್ನೊಂದೂ ಅಂಗಡಿಯಿಂದ ಈಗ ತಾನೇ ತಂದ ಬೂಟಿನ ಹಾಗೆ ಹೊಳೆಯುತ್ತಿದ್ದವು.

“ಇವಕ್ಕೆ ಕೊಳೆ ಮಾಡಿಕೊಡ್ತೀರಾ?” ಎಂದ ದಂತವೈದ್ಯ.

“ಜೀವಮಾನವೆಲ್ಲ ತೆಗೆದದ್ದನ್ನ ಈಗ ವಾಪಸ್ ಹಚ್ಚೋದಾ? ಆಗಲಿ” ಎಂದಳು.

ಕೊಳೆ ಹಚ್ಚುವುದೆಂದರೆ ಕಪ್ಪು ಬಳಿಯುವುದಲ್ಲ. ಮಸಿ ಎಂದೂ ಬರೀ ಕಪ್ಪಲ್ಲ, ಅದರಲ್ಲಿ ಕಂದು ಇರುತ್ತದೆ, ಬೂದಿ ಇರುತ್ತದೆ. ಮೊದಲು ಮಂಕು ವಾರ್ನಿಷ್ ಹೊಡೆದು ಹೊಳಪನ್ನು ಸಾಯಿಸಬೇಕು. ಆಮೇಲೆ ನೀರು ನೀರಾದ ಬಣ್ಣ ಬಳಿದು, ಅದು ಆರುವ ಮೊದಲೇ ಹತ್ತಿಯಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು, ಏಕೆಂದರೆ ಮಳೆ ಅಡ್ಡಡ್ಡ ಇಳಿಯುವುದಿಲ್ಲ. ಬಣ್ಣದ ಸೀಮೆಸುಣ್ಣವನ್ನು ಉಪ್ಪುಕಾಗದಕ್ಕೆ ಉಜ್ಜಿ ಪುಡಿ ಮಾಡಿ, ಕಣ್ಣಿನ ಕಪ್ಪು ಹಚ್ಚುವ ಕುಂಚದಲ್ಲಿ ಹೊಗೆಗೊಳವೆಯ ಸುತ್ತ ತಟ್ಟಬೇಕು. ಕೈ ಹಿಡಿದು ಹತ್ತುವ ಕಂಬಿ ಮಾತ್ರ ಹೊಳೆಯುತ್ತಿರಬೇಕು. ನಂಬರಿನ ಸುತ್ತ ಒಂದಿಷ್ಟು ಜಾಗ ಸ್ವಚ್ಛ ಇರಬೇಕು. ತಡವಾದಾಗ ಒರೆಸುವವರು ಒರೆಸುತ್ತಿದ್ದುದು ಅಷ್ಟನ್ನೇ. ಇದನ್ನೆಲ್ಲ ಅವಳು ಹೇಳಿಕೊಡಬೇಕಾಗಿ ಬಂದಾಗ ದಂತವೈದ್ಯನ ಗೆಳೆಯರು ಮಕ್ಕಳ ಹಾಗೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು.

ಹತ್ತು ಇಂಜಿನ್ನು ಮುಗಿಯುವವರೆಗೆ ಎಲ್ಲ ಸುಖವಾಗಿಯೇ ಇತ್ತು. ಹನ್ನೊಂದನೆಯದರ ನಂಬರು ಓದಿದಾಗ ಅವಳ ಕೈ ನಿಂತಿತು.

ಅದು ಅವಳ ಗಂಡ ಕಲ್ಲಿದ್ದಲು ಎತ್ತಿ ಹಾಕುವ ಫೈರ್‌ಮನ್ ಆಗಿದ್ದ ಇಂಜಿನ್ನು.

ಆ ಬೇಸಿಗೆಯಲ್ಲಿ ಅದರ ಎಡಬದಿಯಲ್ಲಿ, ಬಾಯ್ಲರ್ ತೊಳೆಯುವ ತೂತಿಗೆ ತಿರುಪಿದ ಹಿತ್ತಾಳೆ ಬಿರಡೆಯೊಂದು ಸೋರುತ್ತಿತ್ತು. ಸೋರಿದ ನೀರು ಬಿಸಿಗೆ ಆರಿ, ಬಿರಡೆಯ ಕೆಳಗೆ ಸುಣ್ಣದ ಬಿಳಿ ಗೆರೆ ಇಳಿದಿತ್ತು. ಕುರುಡನಿಗೂ ಕಾಣುವಂಥ ಗೆರೆ. ಕನ್ನಡಕ ಮರೆಯುವ ಚಾಳಿಯಿದ್ದ ಡ್ರೈವರನ ಪರವಾಗಿ ಅವಳ ಗಂಡನೇ ರಿಪೇರಿ ಪುಸ್ತಕದಲ್ಲಿ ಮೂರು ಸಲ ಬರೆದ: ಬಿರಡೆ ಸೋರುತ್ತಿದೆ. ಇಂಜಿನ್ನು ಆರಿಸಿ ನಿಲ್ಲಿಸದೆ ಅದನ್ನು ಸರಿ ಮಾಡುವಂತಿಲ್ಲ. ಫೋರ್ಮನ್ ನಿಲ್ಲಿಸಲಿಲ್ಲ. ನಾಲ್ಕನೇ ವಾರ, ಗಂಡ ಬೂದಿ ಎಳೆಯಲು ಬಗ್ಗಿದ್ದಾಗ ಬಿರಡೆ ಹಾರಿತು. ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಮರುದಿನ ವಿಚಾರಣೆಯವರು ಬರುವವರಿದ್ದರು. ಅಷ್ಟರಲ್ಲಿ ಹೊಸ ಬಿರಡೆ ಕೂತಿತ್ತು. ಫೋರ್ಮನ್ ಚಿಂದಿಯಕ್ಕನನ್ನು ಕರೆದು, “ದೊಡ್ಡೋರು ಬರ್ತಿದಾರೆ, ಅಲ್ಲೊಂದು ಕೈ ಹಾಕಿಬಿಡಮ್ಮ” ಎಂದ. ಗಂಡ ಆಸ್ಪತ್ರೆಯಲ್ಲಿ, ತನ್ನದು ಕಾಯಂ ಆಗದ ಕೆಲಸ. ಗೆರೆ ಅರ್ಧ ಹೋದ ಮೇಲೆ ತಾನೇನು ಒರೆಸುತ್ತಿದ್ದೇನೆಂದು ಅವಳಿಗೆ ಹೊಳೆಯಿತು. ಕೈ ಮಾತ್ರ ನಿಲ್ಲಲಿಲ್ಲ. ಕೈಗೆ ಗೊತ್ತಿದ್ದದ್ದು ಅದೊಂದೇ ಕೆಲಸ. ವಿಚಾರಣೆಯವರು ಬಂದರು. ತಲೆಯಿಂದ ಕಾಲಿನವರೆಗೆ ಮಸಿ ಮೆತ್ತಿಕೊಂಡ ಇಂಜಿನ್ನಿನಲ್ಲಿ ಅಂಗೈಯಗಲ ಜಾಗ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಅದೇಕೆ ಎಂದು ಒಬ್ಬನೂ ಕೇಳಲಿಲ್ಲ. ರಿಪೇರಿ ಪುಸ್ತಕದಲ್ಲಿ ಆ ಹಾಳೆಗಳೇ ಇರಲಿಲ್ಲ. ಡ್ರೈವರ್ ಬಾಯಿ ಹೊಲಿದುಕೊಂಡ. ಉಗಿ ತುಂಬಿದ್ದಾಗ ಸ್ಪ್ಯಾನರ್ ಹಾಕಿ ತಿರುಗಿಸಿದ್ದು ಫೈರ್‌ಮನ್ನನ ತಪ್ಪು ಎಂದು ಬರೆದು ಕೈತೊಳೆದುಕೊಂಡರು. ಗಂಡನನ್ನು ಪಂಪು ಮನೆ ಕಾಯಲು ಹಾಕಿದರು.

ಆಸ್ಪತ್ರೆಯಿಂದ ಬಂದ ವಾರವೇ ಅವಳು ಗಂಡನಿಗೆ ಹೇಳಿಬಿಟ್ಟಳು. ಅವನು “ಹೋಗಲಿ ಬಿಡೇ” ಎಂದ. ಬೈದಿದ್ದರೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಅವನು ಬಿಟ್ಟ ಸಿಟ್ಟನ್ನೂ ಅವಳೇ ಎತ್ತಿಟ್ಟುಕೊಂಡಳು. ಮೂವತ್ತೆರಡು ವರ್ಷವಾಯಿತು, ಇಬ್ಬರ ಪಾಲಿನ ಸಿಟ್ಟು ಒಬ್ಬಳ ಹೊಟ್ಟೆಯಲ್ಲಿ.

ಈಗ ಆ ಪುಟ್ಟ ಇಂಜಿನ್ನನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟುಕೊಂಡು ಕೂತಳು. ಸೀಮೆಸುಣ್ಣದ ಪುಡಿಯನ್ನು ತೆಳು ಬಣ್ಣದಲ್ಲಿ ಕಲಸಿ, ಒಂದೆರಡು ಎಳೆ ಮಾತ್ರ ಬಿಟ್ಟು ಕತ್ತರಿಸಿದ ಕುಂಚದಲ್ಲಿ ಬಿರಡೆಯ ಕೆಳಗೆ ಗೆರೆ ಎಳೆದಳು. ಬಾಯ್ಲರಿನ ಸುತ್ತಿನ ಪಟ್ಟಿ ಅಡ್ಡ ಬರುವಲ್ಲಿ ಅದು ಎರಡಾಗಿ ಒಡೆಯಿತು. ಅಂಚಿಗೆ ತುಸು ಹಳದಿ.

ಗಂಡ ಮೂರು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದ ಬಲಗೈಯನ್ನು ಪೇಪರಿನ ಮೇಲೆ ಭಾರಕ್ಕಿಟ್ಟು ಓದುತ್ತಿದ್ದವನು, ಕತ್ತು ಚಾಚಿ ನೋಡಿದ.

“ಗೆರೆ ಇನ್ನೂ ಒಂಚೂರು ಅಗಲ ಇತ್ತು ಕಣೇ.”

“ನನಗೆ ಹೇಳಬೇಡಿ. ಒರೆಸಿದವಳು ನಾನು.”

ಅವನು ಪೇಪರನ್ನು ಪಕ್ಕಕ್ಕೆ ಸರಿಸಿ, “ಇದೆಲ್ಲ ಯಾಕೆ ಈಗ? ಆ ಮನುಷ್ಯನಿಗೂ ವಯಸ್ಸಾಯ್ತು” ಎಂದ.

“ವಯಸ್ಸಾದ್ರೆ ಸುಳ್ಳಿಗೂ ಹಲ್ಲು ಉದುರುತ್ತಾ?”

“ಸುಟ್ಟಿದ್ದು ನನ್ನ ಕೈ. ನಾನೇ ಬಿಟ್ಟಿದೀನಿ.”

“ನೀವು ಬಿಟ್ಟಿದ್ದಕ್ಕೇ ನಾನು ಹಿಡ್ಕೊಂಡಿರೋದು. ಮನೇಲಿ ಒಬ್ಬರಾದ್ರೂ ಹಿಡ್ಕೋಬೇಕಲ್ಲ.”

ಅಷ್ಟು ಹೇಳಿ, ಗೆರೆಯನ್ನು ಅಗಲ ಮಾಡಿ, ಆರಿದ ಮೇಲೆ ಎರಡು ಸಲ ಮಂಕು ವಾರ್ನಿಷ್ ಹೊಡೆದಳು. ಇನ್ನು ಅದನ್ನು ತೆಗೆಯಬೇಕೆಂದರೆ ಬಣ್ಣವನ್ನೇ ಕೆರೆಯಬೇಕು.

“ಆ ಮನುಷ್ಯ” ಎಂದರೆ ಅದೇ ಫೋರ್ಮನ್. ಈಗ ದಂತವೈದ್ಯನ ಸಂಘಕ್ಕೆ ಅವನೇ ಅಧ್ಯಕ್ಷ. ಶೆಡ್ಡಿನ ಮೂಲೆಮೂಲೆಯೂ ಬಲ್ಲ ಹಿರಿಯರು ಎಂದು ಎಲ್ಲರೂ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು. ಹಾಲಿನಲ್ಲಿ ಚಿಂದಿಯಕ್ಕನನ್ನು ಮೊದಲ ಸಲ ನೋಡಿದಾಗ, “ಯಾರಮ್ಮ ನೀನು, ಚಿತ್ರ ಬರೆಯೋಳಾ?” ಎಂದು ಕೇಳಿದ್ದ. ಇಪ್ಪತ್ತೇಳು ವರ್ಷ ಅವನ ಕಾಲಬಳಿ ಬಗ್ಗಿ ಚಕ್ರ ಒರೆಸಿದವಳ ಮುಖ ಅವನಿಗೆ ಗುರುತಿರಲಿಲ್ಲ. ಬೆನ್ನು ತೋರಿಸಿದ್ದರೆ ಗುರುತು ಸಿಗುತ್ತಿತ್ತೇನೋ.

ಆ ಪುಟ್ಟ ಶೆಡ್ಡನ್ನು ಊರವರಿಗೆ ತೋರಿಸುವ ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಅಧ್ಯಕ್ಷ ಭೂತಗನ್ನಡಿ ಹಿಡಿದು ಬಂದ. ಒಂದೊಂದೇ ಇಂಜಿನ್ನಿನ ಮುಂದೆ ನಿಂತು “ಭೇಷ್, ಭೇಷ್” ಎನ್ನುತ್ತ ನಡೆದವನು ಹನ್ನೊಂದನೆಯದರ ಮುಂದೆ ನಿಂತ. ನಂಬರು ನೋಡಿದ. ಬಗ್ಗಿದ. ಭೂತಗನ್ನಡಿ ಗೆರೆಯ ಮೇಲೆ ಬಂದು ನಿಂತು ಅಲ್ಲೇ ಉಳಿಯಿತು.

“ಇದೇನಮ್ಮ ಈ ಬಿಳಿ?”

“ಸುಣ್ಣ ಸಾರ್. ಬಿರಡೆ ಸೋರಿದ್ದು.”

“ಅಸಹ್ಯವಾಗಿ ಕಾಣುತ್ತೆ. ನಾಳೆ ದೊಡ್ಡೋರು ಬರ್ತಾರೆ. ಒಂದು ಕೈ ಹಾಕಿಬಿಡಮ್ಮ.”

ಚಿಂದಿಯಕ್ಕನ ಕಿವಿ ಕಾದವು. ಚೀಲದಿಂದ ಚಿಂದಿಯೊಂದನ್ನು ತೆಗೆದು, ಮಡಿಚಿ, ಅವನ ಮುಂದೆ ಹಿಡಿದಳು.

“ನನ್ನ ಕೈ ಒಂದ್ಸಲ ಹಾಕಿ ಆಯ್ತು ಸಾರ್. ಈ ಸಲ ನಿಮ್ಮ ಕೈ ಹಾಕಿ.”

ಅವನು ಅವಳ ಮುಖ ನೋಡಲಿಲ್ಲ, ಚಿಂದಿ ನೋಡಿದ. ಕಸಿದುಕೊಂಡು ಉಜ್ಜಿದ. ಗೆರೆ ಅಲುಗಲಿಲ್ಲ. ಇನ್ನೂ ಬಲವಾಗಿ, ಹೆಬ್ಬೆರಳು ಒತ್ತಿ ಉಜ್ಜಿದ. ಮಂಕು ವಾರ್ನಿಷ್ಷಿನ ಗುಣ ಬಲ್ಲವರಿಗೆ ಗೊತ್ತು: ಅದನ್ನು ತಿಕ್ಕಿದಷ್ಟೂ ಹೊಳಪು ಏರುತ್ತದೆ. ಗೆರೆಯ ಸುತ್ತ ಹೆಬ್ಬೆರಳಗಲ ಜಾಗ ಫಳಫಳ ಹೊಳೆಯತೊಡಗಿತು, ನಡುವೆ ಬಿಳಿ ಗೆರೆ ಮೊದಲಿಗಿಂತ ಎದ್ದು ನಿಂತಿತು.

ದಂತವೈದ್ಯ ಪಕ್ಕಕ್ಕೆ ಬಂದ. “ಸಾರ್, ಹನ್ನೊಂದು ಇಂಜಿನ್ನಲ್ಲಿ ನೂರು ಗೆರೆ ಇದಾವೆ. ಅದೊಂದನ್ನೇ ಯಾಕೆ ಉಜ್ತಿದೀರಿ?”

ಮೂವತ್ತೆರಡು ವರ್ಷದಿಂದ ಯಾರಾದರೂ ಕೇಳಲಿ ಎಂದು ಅವಳು ಕಾದಿದ್ದ ಪ್ರಶ್ನೆ. ಕೇಳಿದವನು ಹಲ್ಲಿನ ಡಾಕ್ಟರು.

“ಆವತ್ತು ಬಿರಡೆ ಸರಿಯಾಗೇ ಇತ್ತು, ಅದಕ್ಕೆ” ಎಂದ ಅಧ್ಯಕ್ಷ.

“ಯಾವತ್ತು ಸಾರ್?”

ಅಧ್ಯಕ್ಷನ ಕೈ ನಿಂತಿತು. ಹಾಲಿನಲ್ಲಿ ಯಾರೂ ಯಾವ ದಿನದ ಮಾತನ್ನೂ ಎತ್ತಿರಲಿಲ್ಲ.

ಆಗ ಚಿಂದಿಯಕ್ಕ ಹೇಳಿದಳು. ದನಿ ಏರಿಸಲಿಲ್ಲ, ಏರಿಸಿದರೆ ಮಾತು ಒಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಸೋರಿದ ಬಿರಡೆ, ಮೂರು ಸಲದ ಬರಹ, ಇಲ್ಲವಾದ ಹಾಳೆಗಳು, ಬೆಂದ ಕೈ. ತಾನು ಒರೆಸಿದ್ದನ್ನೂ ಮುಚ್ಚಿಡಲಿಲ್ಲ.

“ಇಂಜಿನ್ನು ಕಮ್ಮಿ ಇದ್ವು” ಎಂದ ಅಧ್ಯಕ್ಷ, ನೆಲ ನೋಡುತ್ತ. “ನಿಲ್ಲಿಸಿದ್ರೆ ಮೇಲಿನೋರು ನನ್ನ ಚರ್ಮ ಸುಲೀತಿದ್ರು.”

“ನಿಮ್ಮ ಚರ್ಮ ಉಳೀತು ಸಾರ್. ಸುಲಿದದ್ದು ನನ್ನ ಗಂಡಂದು.”

ಅವನು ಚಿಂದಿಯನ್ನು ಮೇಜಿನ ಮೇಲೆ ಹಾಕಿ, ಕೋಲು ಊರುತ್ತ ಮೆಟ್ಟಿಲಿಳಿದು ಹೋದ. ತಪ್ಪಾಯಿತು ಎನ್ನಲಿಲ್ಲ. ಅವಳ ಸಿಟ್ಟೂ ಇಳಿಯಲಿಲ್ಲ. ಹೇಳಿಕೊಂಡರೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಅಂಥವರು ಏನನ್ನೂ ಹೊತ್ತವರಲ್ಲ.

ಮಧ್ಯಾಹ್ನ ದಂತವೈದ್ಯ ಅವಳ ಗಂಡನನ್ನೇ ಕರೆಸಿದ. ಪ್ರತಿ ಇಂಜಿನ್ನಿನ ಮುಂದೆಯೂ ಅದರ ಕತೆ ಬರೆದ ಚೀಟಿ ಇಡುವುದಿತ್ತು; ಹನ್ನೊಂದನೆಯದು ಇನ್ನೂ ಖಾಲಿ. “ನೀವೇ ಬರೀರಿ” ಎಂದ. ಗಂಡ ಕೈಯನ್ನು ಜೇಬಿನಿಂದ ತೆಗೆಯದೆ ಇಂಜಿನ್ನನ್ನು ಒಂದು ಸುತ್ತು ನೋಡಿದ. ಹೊಳೆಯುವ ಜಾಗ ಕಂಡಿತು.

“ಇದೇನೇ, ಇಲ್ಲಿ ತಿಕ್ಕಿಬಿಟ್ಟಿದಾರೆ?”

“ನಾನಲ್ಲ, ಈ ಸಲ.”

“ಮಂಕು ಮಾಡಿಬಿಡ್ಲಾ ಅಕ್ಕಾ? ಒಂದು ಸಲ ವಾರ್ನಿಷ್ ಹೊಡೆದ್ರೆ ಹೋಗುತ್ತೆ” ಎಂದ ದಂತವೈದ್ಯ.

“ಬೇಡ ಡಾಕ್ಟ್ರೇ. ಗೆರೆಯೂ ಇತ್ತು, ಆಮೇಲೆ ತಿಕ್ಕಿದ್ದೂ ಇತ್ತು. ಇಷ್ಟು ಸರಿಯಾಗಿ ನನಗೂ ಮಾಡೋಕೆ ಬರ್ತಿರಲಿಲ್ಲ.”

ಗಂಡ ಎಡಗೈಯಲ್ಲಿ ಪೆನ್ನು ಹಿಡಿದು, ಒಂದನೇ ತರಗತಿಯವನ ಹಾಗೆ ಸೊಟ್ಟಸೊಟ್ಟಗೆ ಬರೆದ: ಬಿರಡೆ ಸೋರುತ್ತಿದೆ. ಕೆಳಗೆ ರುಜು ಹಾಕಿದ.

“ಅಷ್ಟೇನಾ?” ಅವಳಿಗೆ ಮೈ ಉರಿಯಿತು. “ಅವನ ಹೆಸರು ಬರೀರಿ. ಕೈ ಸುಟ್ಟಿದ್ದು ಬರೀರಿ.”

“ಪುಸ್ತಕದಲ್ಲೂ ಅಷ್ಟೇ ಬರೆದಿದ್ದೆ ಕಣೇ. ಇದು ನಾಲ್ಕನೇ ಸಲ.”

ಅವಳು ಚೀಟಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಉಳಿದ ಹತ್ತನ್ನು ಒಂದೊಂದು ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ್ದರು. ಇದರ ಬೆನ್ನಿಗೆ ಅವಳು ಮೂಲೆಯಿಂದ ಮೂಲೆಗೆ ಗೋಂದು ಬಳಿದಳು, ಹಲಗೆಗೆ ಒತ್ತಿದಳು, ಮೇಲೆ ಎರಡು ಸಲ ವಾರ್ನಿಷ್ ಎಳೆದಳು.

“ಹರಿದುಕೊಳ್ಳಲಿ ಈ ಹಾಳೆಯನ್ನ, ಯಾವ ಮಗ ಬರ್ತಾನೋ ನೋಡೇಬಿಡ್ತೀನಿ” ಎಂದು, ಅದು ಆರುವವರೆಗೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು.